ನೆಗೆಣ್ಣಿಯ ಕೊಡ

ಕಿಡ್ನಿಯಲ್ಲಿ ಹರಳಾದವರನ್ನು ಕಂಡು ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ, ಗೆಳತಿಯರೇ? ನಾನು ಪಟ್ಟೆ.

ಭಾಲ್ಕಿಯ ನಮ್ಮ ಓಣಿಗೆ ಟ್ಯಾಂಕರ್ ಬರುವುದು ವಾರಕ್ಕೊಮ್ಮೆ. ಅರ್ಧ ಓಣಿ ಹೈದರಾಬಾದಿಗೆ ದುಡಿಯಲು ಹೋದರೂ ನೀರು ಸಾಲುತ್ತಿಲ್ಲ. ಅಂಥದ್ದರಲ್ಲಿ ಮೈದುನನ ಹೆಂಡತಿಗೆ, ಅಂದರೆ ನನ್ನ ನೆಗೆಣ್ಣಿಗೆ, ದಿನಕ್ಕೆ ಮೂರು ಲೀಟರ್ ಕುಡಿಯಲು ಡಾಕ್ಟರ್ ಹೇಳಿದ್ದಾರೆ. ಅವಳಿಗೆಂದೇ ಒಂದು ಕೊಡ! ನಾನೋ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲವೆಂದು ಸಂಜೆಯವರೆಗೆ ಗುಟುಕೂ ಕುಡಿಯದೆ ಪಾಠ ಮಾಡುವವಳು.

ಇವತ್ತು ಶಾಲೆಯಿಂದ ಬಂದವಳೇ ಆ ಕೊಡಕ್ಕೆ ಕೈ ಹಾಕಿದೆ.

"ಅದು ಅಕಿದು, ಮುಟ್ಟಬ್ಯಾಡ" ಎಂದು ಅತ್ತೆ ಗದರಿದರು.

"ತಡೀರಿ, ನನಗೂ ಹರಳಾಗ್ಲಿ, ಆಗ ಕುಡೀತೇನಿ" ಎಂದೆ.

ನೆಗೆಣ್ಣಿ ತಾನೇ ಚರಿಗೆ ತುಂಬಿ ನನ್ನ ಕೈಗಿಟ್ಟಳು. "ಅಕ್ಕಾ, ಮೂರು ದಿನದಿಂದ ಒಂದಕ್ಕ ಹೋದ್ರ ಉರೀತದ ಅಂತೀರಿ. ಈಗ ಮೈನೂ ಸುಡ್ಲಿಕತ್ತದ. ಜ್ವರ ಬಂದ ಮ್ಯಾಲ ಕಾಯಬಾರ್ದು, ನಡೀರಿ ದವಾಖಾನಿಗಿ."

ಹೋಗಿ ಬಂದೆವು. ಮೂತ್ರದ ಸೋಂಕಂತೆ. ಗುಳಿಗೆ ಕೊಟ್ಟು, ನೀರು ಚೆನ್ನಾಗಿ ಕುಡಿಯಿರಿ ಎಂದರು. ನನಗೂ ಒಂದು ಕೊಡ!

ಬಾಗಿಲಲ್ಲೇ ಅತ್ತೆ ನೆಗೆಣ್ಣಿಯ ಗದ್ದ ಹಿಡಿದು, "ಬಂಗಾರದಂಥಾಕಿ ನೋಡವ್ವ ಇಕಿ" ಎಂದರು.

ನೀರು ಹಂಚಿಕೆಯಾಯಿತು. ಹೊಗಳಿಕೆ ಮಾತ್ರ ಪೂರಾ ಅವಳ ಕೊಡಕ್ಕೇ ಬಿತ್ತು.