ಅಕ್ಕಿ ಗಿರಣಿಯಲ್ಲಿ ಎರಡನೇ ಮಿಂಚು

ಆ ಕಾಲಕ್ಕೆ ರಾಯಚೂರಿನ ನಮ್ಮ ಸ್ಟುಡಿಯೋದಲ್ಲಿ ನನಗೆ ಕ್ಯಾಮೆರಾ ಮುಟ್ಟುವ ಹಕ್ಕಿರಲಿಲ್ಲ. ಸ್ಟುಡಿಯೋ ಅಕ್ಕನ ಗಂಡನದು. ಭಾವ ಫೋಟೋ ತೆಗೆಯುತ್ತಿದ್ದರು, ನಾನು ಡಾರ್ಕ್‌ರೂಮಿನಲ್ಲಿ ತೊಳೆಯುತ್ತಿದ್ದೆ. ಕಾರಣ ನನ್ನ ಬಾಯಿ. ಗಿರಾಕಿ ಸ್ಟೂಲಿನ ಮೇಲೆ ಕೂತ ಕೂಡಲೇ ನಾನು ಪರದೆಯ ಹಿಂದಿನಿಂದ ಭಾವನ ದನಿಯಲ್ಲೇ “ಗದ್ದ ಕೆಳಗ, ಕಣ್ಣು ಮ್ಯಾಲ, ಉಸ್ರು ಬಿಗಿ ಹಿಡೀರಿ” ಎನ್ನುತ್ತಿದ್ದೆ. ಒಂದೇ ದನಿ ಎರಡು ಕಡೆಯಿಂದ ಕೇಳಿದರೆ ಯಾರಿಗೆ ನಗು ಬರುವುದಿಲ್ಲ? ಪಾಸ್‌ಪೋರ್ಟ್ ಫೋಟೋಗೆ ಬಂದ ಗುಮಾಸ್ತರೊಬ್ಬರು ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ಪ್ರಿಂಟಾದ ಮೇಲೆ ಭಾವ ನನ್ನನ್ನು ಕತ್ತಲಿಗೆ ಅಟ್ಟಿದರು. ನನ್ನ ಮೈಕಟ್ಟು ಟ್ರೈಪಾಡಿನದು, ಒಂದು ಕಾಲು ಕಡಿಮೆ ಅಷ್ಟೇ. “ಟ್ರೈಪಾಡ್ ಮುರೀಲಿ, ಆವಾಗ ನಿನ್ನ ಹೊರಗ ಕರೀತೀನಿ” ಎನ್ನುತ್ತಿದ್ದರು.

ಟ್ರೈಪಾಡ್ ಮುರಿಯಲಿಲ್ಲ. ಬದಲಿಗೆ ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರು ಬಂದರು. ಅವರಿಗೆ ಕ್ಯಾಲೆಂಡರಿಗೆ ಫೋಟೋ ಬೇಕಿತ್ತು.

“ದೇವರ ಚಿತ್ರ ಎಲ್ಲಾ ಮಿಲ್ಲಿನವ್ರೂ ಹಾಕಸ್ತಾರ್ರೀ. ನನ್ನ ಕ್ಯಾಲೆಂಡರಿನಾಗ ನನ್ನ ಮಿಲ್ಲೇ ಇರ್ಬೇಕು. ಮಂದಿ, ಮಿಷಿನ್ನು, ಹಿಂದಿನ ಗ್ವಾಡಿತನಕ ಎಲ್ಲಾ ಕಾಣ್ಬೇಕು.”

ಭಾವ ಹೋಗಿ ತೆಗೆದುಕೊಂಡು ಬಂದರು. ಮುಂದೆ ನಿಂತವರು ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದೆಲ್ಲ ಗಾಢ ಕತ್ತಲು. ಕ್ಯಾಮೆರಾದ ಪಕ್ಕದ ಒಂದು ಫ್ಲ್ಯಾಶು ಅಷ್ಟು ಉದ್ದದ ಗಿರಣಿಯನ್ನು ಎಷ್ಟು ಬೆಳಗೀತು? ಸಾಹುಕಾರರು ಪ್ರಿಂಟನ್ನು ಮೂಗಿಗೆ ಹಿಡಿದು, ತಮ್ಮ ರೂಢಿಯಂತೆ ಹಲ್ಲು ಚೀಪಿ, “ಯಪ್ಪಾ, ನನ್ನ ಮಿಷಿನ್ನ ಯಾರರ ಕದ್ದೊಯ್ದ್ರೇನು?” ಎಂದರು. ಇನ್ನೊಮ್ಮೆ ತೆಗೆದು ನೋಡಿ, ಆಗದಿದ್ದರೆ ಹೈದರಾಬಾದಿನವರನ್ನು ಕರೆಸುತ್ತೇನೆ ಎಂದು ಹೋದರು.

ಆಗ ನಾನು ಕತ್ತಲಿನಿಂದ ತಲೆ ಹೊರಹಾಕಿದೆ. ಫೋಟೋ ಕಾಗದ ತರಲು ಹೈದರಾಬಾದಿಗೆ ಹೋದಾಗ ಒಂದು ಅಂಗಡಿಯಲ್ಲಿ ಆ ವಸ್ತುವನ್ನು ಕಂಡಿದ್ದೆ. ಬೆಂಕಿಪೊಟ್ಟಣಕ್ಕಿಂತ ಸಣ್ಣದು, ಮುಂದೊಂದು ಗಾಜಿನ ಕಣ್ಣು. ಅದನ್ನು ಎರಡನೇ ಫ್ಲ್ಯಾಶಿಗೆ ಸಿಕ್ಕಿಸಿ ಎಲ್ಲಿಯಾದರೂ ದೂರ ಇಟ್ಟರಾಯಿತು. ಕ್ಯಾಮೆರಾದ ಫ್ಲ್ಯಾಶು ಮಿಂಚಿದ್ದನ್ನು ಕಣ್ಣು ನೋಡುತ್ತದೆ, ಅದೇ ಕ್ಷಣ ತನ್ನದನ್ನೂ ಹೊತ್ತಿಸುತ್ತದೆ. ನಡುವೆ ತಂತಿ ಇಲ್ಲ!

“ಮುಂದಿಂದು ಮಂದಿಗೆ, ಹಿಂದಿಂದು ಗ್ವಾಡಿಗೆ. ತರ್ಸ್ರಿ ಭಾವಾ, ಫೋಟೋ ನಾ ತೆಗಿತೀನಿ.”

ಭಾವ ಕಪ್ಪು ಪ್ರಿಂಟನ್ನು ಮೇಜಿನ ಮೇಲೆ ಕುಕ್ಕಿದರು. “ಬಂತಂದ್ರ ಇನ್ನ ಮುಂದ ಮದುವಿ ಕ್ಯಾಮೆರಾ ನೀ ಹಿಡಿ. ಬರ್ಲಿಲ್ಲಂದ್ರ ಕಾಯಂ ಡಾರ್ಕ್‌ರೂಮು. ಮತ್ತ ತುಟಿ ಬಿಚ್ಚಬ್ಯಾಡ ಮಗನ.”

ಹೈದರಾಬಾದಿನಿಂದ ಗಾಜಿನ ಕಣ್ಣು ಬಂತು. ಅದನ್ನು ಸಿಕ್ಕಿಸಿದ ಫ್ಲ್ಯಾಶನ್ನು ಸ್ಟುಡಿಯೋದ ಮೂಲೆಯಲ್ಲಿಟ್ಟು ಇಲ್ಲಿ ಗುಂಡಿ ಒತ್ತಿದೆ. ಅಲ್ಲಿ ಫಳ್! ನಾನು ಕೂಗಿದ ಕೂಗಿಗೆ ಅಕ್ಕ ಒಳಗಿನಿಂದ ಲಟ್ಟಣಿಗೆ ಹಿಡಿದೇ ಬಂದಳು. ಸ್ಟೂಲಿನ ಕೆಳಗಿಟ್ಟೆ, ಫಳ್. ಪರದೆಯ ಹಿಂದಿಟ್ಟೆ, ಫಳ್. ಕಣ್ಣಿನ ಬೆನ್ನು ನನ್ನ ಕಡೆಗಿದ್ದರೂ ಫಳ್! ನಾನು ಮಂತ್ರವಾದಿಯ ದನಿಯಲ್ಲಿ “ಹತ್ತು!” ಎಂದು ಕೈ ಚಾಚಿ, ಇನ್ನೊಂದು ಕೈಯಿಂದ ಗುಂಡಿ ಒತ್ತುತ್ತಿದ್ದೆ. “ಮದ್ಲ ಹುಚ್ಚ, ಈಗ ಕೈಗೆ ಸಿಡ್ಲು ಬ್ಯಾರೆ ಕೊಟ್ರಿ” ಎಂದು ಅಕ್ಕ ಗಂಡನನ್ನು ಬೈದು ರೊಟ್ಟಿಗೆ ಮರಳಿದಳು.

ಮಾನ್ವಿಗೆ ಹೋದ ದಿನ ಮಧ್ಯಾಹ್ನ ಕರೆಂಟ್ ಹೋಗಿತ್ತು. ಶಕ್ತಿನಗರದಲ್ಲಿ ಹುಟ್ಟಿದ ಕರೆಂಟು ಮಾನ್ವಿಗೆ ನಡೆದುಕೊಂಡೇ ಬರುತ್ತಿತ್ತೋ ಏನೋ, ಅರ್ಧ ದಾರಿಯಲ್ಲಿ ಕೂತುಬಿಡುತ್ತಿತ್ತು. ನಮಗೆ ಅದೇ ಅನುಕೂಲ. ಮಿಷನ್ನು ನಿಂತಾಗ ಮಾತ್ರ ತೌಡಿನ ಧೂಳು ಅಡಗುತ್ತಿತ್ತು. ಸಾಹುಕಾರರ ಷರತ್ತೂ ಒಂದೇ: “ಕರೆಂಟ್ ಬರೂತನಕ ನಿಮ್ದು. ಬಂದ ಮ್ಯಾಲ ಮಿಲ್ಲು ನಂದು.”

ಎರಡನೇ ಫ್ಲ್ಯಾಶು ಫೋಟೋದಲ್ಲಿ ಕಾಣಬಾರದೆಂದು ದೊಡ್ಡ ಮಿಷನ್ನಿನ ಬೆನ್ನಿಗೆ ಇಟ್ಟೆ. ಹಮಾಲರು, ಫಿಟ್ಟರು, ಸಾಹುಕಾರರ ಮನೆಯವರು ಸಾಲಾಗಿ ನಿಂತರು. ಅಕ್ಕಿ ಹಸನು ಮಾಡುವ ಲಂಬಾಣಿ ಹೆಂಗಸರೂ ನಡುವೆ ಬಂದು ಕೂತರು. ಮೈತುಂಬ ಕನ್ನಡಿ ಚೂರುಗಳ ಬಟ್ಟೆ. ಭಾವ ಹೌಹಾರಿದರು. ಹೊಳೆಯುವ ಹಣೆಗೂ ಪೌಡರ್ ಬಳಿದೇ ಫೋಟೋ ತೆಗೆಯುತ್ತಿದ್ದ ಮನುಷ್ಯ ಅವರು. “ಕನ್ನಡಿ ಬ್ಯಾಡ! ಝಗ್ ಅಂತಾವ, ಫೋಟೋ ಕೆಡ್ತದ” ಎಂದು ಅವರನ್ನೆಲ್ಲ ಬಾಗಿಲ ಬಳಿ ಕಳಿಸಿದರು. ಗುಂಪಿನ ಹಿರಿಯಳು ಹೋಗುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕಿ ನಾವು ಹಸನ ಮಾಡ್ಬೇಕು, ಫೋಟೋದಾಗ ಈ ಬಿದಿರಗಳ ನಿಲ್ಬೇಕು” ಎಂದಳು. ನಾನು ನಿಲ್ಲುವುದಿಲ್ಲ, ತೆಗೆಯುವವನು ಎಂದೆ. “ತೆಗಿ ನೋಡೂಣು” ಎಂದಳು.

ಒತ್ತಿದೆ. ಮುಂದಿನದು ಮಿಂಚಿತು. ಹಿಂದಿನ ಗೋಡೆ ಕಪ್ಪಗೇ ಇತ್ತು.

ಮತ್ತೆ ಒತ್ತಿದೆ. ಮತ್ತೆ ಕಪ್ಪು. ಓಡಿ ಹೋಗಿ ಅಂಗಿಯ ತುದಿಯಿಂದ ಕಣ್ಣು ಒರೆಸಿದೆ, ಸೆಲ್ ತೆಗೆದು ಮತ್ತೆ ಹಾಕಿದೆ, ಕೈಯಿಂದ ಒತ್ತಿದರೆ ಫ್ಲ್ಯಾಶು ಸರಿಯಾಗಿಯೇ ಹೊತ್ತಿತು. ಬಂದು ಕ್ಯಾಮೆರಾ ಹಿಡಿದರೆ ಅದೇ ಮೌನ. ಮಿಷನ್ನಿಗೆ ಒಂದು ಸುತ್ತು ಬಂದೆ. ಆಮೇಲೆ ಹೊಳೆಯಿತು: ಸ್ಟುಡಿಯೋದ್ದು ಸುಣ್ಣದ ಗೋಡೆ. ಬೆಳಕು ಅಲ್ಲಿ ಗೋಡೆಯಿಂದ ಗೋಡೆಗೆ ನೆಗೆದು ಕಣ್ಣು ಎಲ್ಲಿದ್ದರೂ ಹೋಗಿ ತಟ್ಟುತ್ತಿತ್ತು. ಇಲ್ಲಿನ ಗೋಡೆಗಳು ಹೊಗೆ, ಎಣ್ಣೆ, ತೌಡು ತಿಂದು ಕರ್ರಗಾಗಿದ್ದವು. ಬಿದ್ದ ಬೆಳಕನ್ನೆಲ್ಲ ನುಂಗುತ್ತಿದ್ದವು. ಕಣ್ಣಿನ ಎದುರು ಗೋಡೆಯಷ್ಟು ದೊಡ್ಡ ಕಬ್ಬಿಣ. ಅದು ಏನು ನೋಡೀತು, ಮಣ್ಣು!

“ಏನಾತ್ರೀ?” ಎಂದು ಸಾಹುಕಾರರು ಹಲ್ಲು ಚೀಪಿದರು. ಗಾಬರಿಯಲ್ಲಿ ನನ್ನ ಬಾಯಿಯೂ ಹಾಗೇ ಚೀಪಿತು. ಹಮಾಲರು ಕಿಸಕ್ಕೆಂದರು. ಭಾವ ನನ್ನ ಕಿವಿಯಲ್ಲಿ, “ಡಾರ್ಕ್‌ರೂಮಿನಾಗ ಚೀಪೂವಂತಿ ಬಾ” ಎಂದರು.

ಬಾಗಿಲ ಬಳಿ ಆ ಹಿರಿಯಳು ಬಿಸಿಲಿನಲ್ಲಿ ನಿಂತು ಸೆರಗು ಕೊಡವಿದಳು. ನನ್ನ ಕಣ್ಣೆದುರೇ ಗಿರಣಿಯ ತುಂಬ ಬೆಳಕಿನ ಚುಕ್ಕಿಗಳು ಓಡಿದವು. ತೊಲೆಯ ಮೇಲೆ, ಚೀಲಗಳ ಮೇಲೆ, ಮಿಷನ್ನಿನ ಸಂದಿಯಲ್ಲಿ ತೂರಿ ಅದರ ಬೆನ್ನ ಹಿಂದೆ!

“ಯವ್ವಾ!” ಎಂದು ನಾನು ಕಿರುಚಿದ ರೀತಿಗೆ ಅವಳು ಹಾವು ಕಂಡಿತೆಂದು ನೆಗೆದಳು. “ಬರ್ರಿ ಯವ್ವಾ, ಎಲ್ಲಾರೂ ಬರ್ರಿ. ಇಬ್ರು ಮಿಷಿನ್ನಿನ ಮಗ್ಗಲಿಗೆ, ಉಳದವ್ರು ಮುಂದ!”

“ಲೇ, ಕನ್ನಡಿ!” ಎಂದರು ಭಾವ.

“ಕನ್ನಡಿನೇ ಬೇಕು ಭಾವಾ! ಕೆಟ್ರ ನಾ ಒಳಗ ಹೋಗ್ತೀನಲ್ಲ, ನೀವ್ಯಾಕ ಬೆವರಾಕತ್ತೀರಿ?”

ಹಿರಿಯಳು ಅಲುಗಲಿಲ್ಲ. “ಆವಾಗ ಹೋಗು ಅಂದ್ರಿ, ಈಗ ಬಾ ಅಂತೀರಿ. ಮೊರದಾಗಿನ ಅಕ್ಕಿ ಏನೋ ನಾ, ಹಂಗ ಹಿಂಗ ಕೇರಾಕ?” ಎಂದು ಭಾವನ ಕೈಸನ್ನೆಯನ್ನೂ ನನ್ನ ಕೀರಲು ದನಿಯನ್ನೂ ಒಟ್ಟಿಗೆ ಅಣಕಿಸಿ ತೋರಿಸಿದಳು. ನನಗಿಂತ ಚೆನ್ನಾಗಿ! ಇಡೀ ಗಿರಣಿ ಬಿದ್ದು ಬಿದ್ದು ನಕ್ಕಿತು. ನಾನು ಎರಡೂ ಕೈ ಜೋಡಿಸಿದೆ. “ತಪ್ಪಾತು ಯವ್ವಾ. ನಿಮ್ಮ ಬಟ್ಟಿ ಬೆಳಕು ಹಿಂದಕ್ಕ ಒಯ್ತದ. ನೀವಿಲ್ಲಂದ್ರ ಈ ಫೋಟೋ ಬರೂದಿಲ್ಲ.” ಆಗ ಬಂದಳು, ರಾಣಿಯಂತೆ, ಸಾಹುಕಾರರ ಪಕ್ಕದಲ್ಲೇ ನಿಂತಳು.

ಅಂಗಳದಲ್ಲಿ ಯಾರೋ “ಕರೆಂಟ್ ಬಂತು!” ಎಂದು ಕೂಗಿದರು. ಫಿಟ್ಟರನ ಕಾಲು ಸ್ವಿಚ್ಚಿನ ಕಡೆ ತಿರುಗಿತು. “ಅಲ್ಲಾಡಬ್ಯಾಡ್ರಿ!” ಎಂದು ನಾನು ಒತ್ತಿದೆ.

ಫಳ್. ಫಳ್! ಎರಡೂ ಒಂದೇ ಕ್ಷಣಕ್ಕೆ ಮಿಂಚಿ, ಹಿಂದಿನ ಗೋಡೆ ಇಟ್ಟಿಗೆ ಇಟ್ಟಿಗೆಯಾಗಿ ಎದ್ದು ನಿಂತಿದ್ದನ್ನು ಕಂಡೆ. ಇನ್ನೊಂದು ತೆಗೆದೆ. ಅದೂ ಹೊತ್ತಿತು. ಅಷ್ಟರಲ್ಲಿ ಮಿಷನ್ನು ಗುಡುಗಿ, ತೌಡು ಎದ್ದು ನಾವೆಲ್ಲ ಮುದುಕರಾದೆವು.

ರಾಯಚೂರಿಗೆ ಬಂದವರೇ ಫಿಲ್ಮ್ ತೊಳೆದೆವು. ಒದ್ದೆ ಪ್ರಿಂಟನ್ನು ಭಾವ ಬಲ್ಬಿನ ಕೆಳಗೆ ಹಿಡಿದರು. ಮಂದಿ, ಮಿಷನ್ನು, ಗೋಡೆ, ಎಲ್ಲ ಇತ್ತು. ಅವರು ಹೆದರಿದ್ದೂ ಆಗಿತ್ತು: ಹೆಂಗಸರ ಮೈಮೇಲೆ ಅಲ್ಲಲ್ಲಿ ಬೆಳಕು ಸಿಡಿದಿತ್ತು. ಪೌಡರ್ ಬಳಿಯುವ ಕೈ ಒಂದೆರಡು ಸಲ ಆ ಚುಕ್ಕಿಗಳ ಮೇಲೆ ಹೋಗಿ ಬಂತು.

“ಕೆಟ್ಟದ” ಎಂದರು. ಆಮೇಲೆ ತಡೆದು, “ಹಿಂಗೇ ಇರ್ಲಿ ಬಿಡು” ಎಂದರು.

ಸಾಹುಕಾರರು ಹಲ್ಲು ಚೀಪುವುದನ್ನೇ ಮರೆತು ಒಪ್ಪಿಕೊಂಡ ಮರುದಿನ, ಭಾವ ದೇವದುರ್ಗದ ಮದುವೆಯೊಂದಕ್ಕೆ ನನ್ನೊಬ್ಬನನ್ನೇ ಕಳಿಸಿದರು. ಕ್ಯಾಮೆರಾ ಕೊರಳಲ್ಲಿ, ಎರಡೂ ಫ್ಲ್ಯಾಶು ತೊಡೆಯ ಮೇಲೆ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜ ಅವನ್ನು ದಿಟ್ಟಿಸಿ, “ಏನ್ ಕೆಲ್ಸ ಮಾಡ್ಕೊಂಡಿದ್ದಿಯಪ್ಪಾ?” ಎಂದು ಕೇಳಿದ.

“ಫೋಟೋಗ್ರಾಫರ್ ಅದೀನ್ರೀ” ಎಂದೆ. ಆ ಮಾತು ಮಾತ್ರ ಯಾರ ದನಿಯಲ್ಲೂ ಹೇಳಲಿಲ್ಲ.