ಅತ್ತೆಗೆ ಓದಿ ಹೇಳಿದ ನೆಟ್‌ವರ್ಕ್ ಪಾಠ

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಅರಸೀಕೆರೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಕಣಕಟ್ಟೆಯಿಂದ ದಿನಾ ಬಸ್ಸು. ಲ್ಯಾಬಿನ ಕಂಪ್ಯೂಟರುಗಳು ಒಂದರೊಡನೊಂದು ಹೇಗೆ ಮಾತಾಡುತ್ತವೆ ಎಂಬುದು ನನಗೆ ನಿಜವಾಗಿ ತಿಳಿದಿರಲಿಲ್ಲ. ತಂತಿ ಸಿಕ್ಕಿಸಿದರೆ ಹಸಿರು ದೀಪ ಮಿನುಗುತ್ತಿತ್ತು, ಅಷ್ಟೆ. ಮಕ್ಕಳೆಲ್ಲ ಹೋದ ಮೇಲೆ ಆ ಮಿನುಗನ್ನೇ ನೋಡುತ್ತ ಕೂರುತ್ತಿದ್ದೆ. ಹಾಗೆ ಕೂತ ಒಂದು ಸಂಜೆಯೇ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಬರೆಯಬೇಕೆಂದು ಮನಸ್ಸು ಮಾಡಿದ್ದು.

ಓದುವುದು ಹೇಗೆ ಎನ್ನುವುದೇ ತೊಡಕಾಯಿತು. ಬೆಂಗಳೂರಿನ ಭಾನುವಾರದ ತರಗತಿಗೆ ಎರಡು ವಾರ ರೈಲಿನಲ್ಲಿ ಹೋದೆ. ನಾನು ಬರೆದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದರು. ದಪ್ಪ ಪುಸ್ತಕ ತರಿಸಿಕೊಂಡೆ. ಬಸ್ಸಿನಲ್ಲಿ ತೆರೆದರೆ ನಿದ್ದೆ ಬರುತ್ತಿತ್ತು. ಕೊನೆಗೆ ಸಹೋದ್ಯೋಗಿಯೊಬ್ಬರು ಪ್ರಶ್ನೋತ್ತರಗಳ ಕಟ್ಟೊಂದನ್ನು ಕೊಟ್ಟು, ಬಾಯಿಪಾಠ ಮಾಡಿದರೆ ಸಾಕು ಎಂದರು. ಮಾಡಿದೆ. ಪರೀಕ್ಷೆಯಲ್ಲಿ ಎರಡು ಯಂತ್ರಗಳ ಚಿತ್ರ ತೋರಿಸಿ, ಇವುಗಳ ಸಂಪರ್ಕ ಕಡಿದಿದೆ, ಸರಿಮಾಡು ಎಂದು ಕೇಳಿದ್ದರು. ಮೌಸಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತೆ. ಫೇಲಾದೆ.

ಪುಸ್ತಕಕ್ಕೇ ವಾಪಸು ಬಂದೆ. ಭಾನುವಾರ ಮಧ್ಯಾಹ್ನ ತೆಂಗಿನ ಮರದ ನೆರಳಿನಲ್ಲಿ ಚಾಪೆ ಹಾಸಿ ಕೂರುತ್ತಿದ್ದೆ. ಪಕ್ಕದಲ್ಲಿ ಅತ್ತೆ, ನನ್ನ ಗಂಡನ ತಾಯಿ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿ, ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತಿದ್ದವು. ಗರಿಗಳು ಅಲ್ಲಾಡಿದಾಗ ಇಬ್ಬರ ಮೇಲೂ ನೆರಳು ನೀರಿನ ಹಾಗೆ ಹರಿಯುತ್ತಿತ್ತು.

“ಅದೇನ್ ಓದ್ತೀಯವ್ವ, ಒಸಿ ಜೋರಾಗಿ ಓದು. ನಂಗೂ ಕೇಳ್ಲಿ” ಎಂದರು ಒಮ್ಮೆ.

ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಹೇಳತೊಡಗಿದೆ. ಕಳಿಸುವುದನ್ನು ಚೂರುಚೂರು ಮಾಡಿ, ಚೂರಿಗೊಂದು ನಂಬರು ಹಾಕಿ ಕಳಿಸುತ್ತಾರೆ; ಬಂದು ಸೇರಿತು ಅಂತ ಆ ಕಡೆಯಿಂದ ಹೇಳಿಕಳಿಸದಿದ್ದರೆ ಈ ಕಡೆಯವರು ಅದೇ ಚೂರನ್ನು ಮತ್ತೆ ಕಳಿಸುತ್ತಾರೆ ಎಂದೆ. ಅತ್ತೆ ಕೇಳಿದರು: “ಸೇರ್ತು ಅಂತ ಹೇಳಿಕಳ್ಸಿದ್ ಮಾತೇ ದಾರೀಲಿ ಕಳ್ದೋದ್ರೆ?”

ನನಗೆ ಗೊತ್ತಿರಲಿಲ್ಲ. ಆ ಪುಟವನ್ನು ನಾಲ್ಕು ಸಲ ಓದಿದ್ದರೂ ಗೊತ್ತಿರಲಿಲ್ಲ. ಮಾರನೆಯ ದಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದೊಡ್ಡ ಫೈಲೊಂದನ್ನು ಕಳಿಸುತ್ತ, ನಡುವೆ ತಂತಿ ಕಿತ್ತು, ಕ್ಷಣ ಬಿಟ್ಟು ಮತ್ತೆ ಸಿಕ್ಕಿಸಿದೆ. ಫೈಲು ಉಸಿರು ಹಿಡಿದ ಹಾಗೆ ನಿಂತು, ಮತ್ತೆ ಹರಿಯಿತು. ಪುಸ್ತಕ ತೆಗೆದು ಕಾರಣ ಹುಡುಕಿದೆ. ಹೇಳಿಕಳಿಸಿದ ಮಾತು ಕಳೆದುಹೋದರೆ ಅದೇ ಚೂರು ಮತ್ತೆ ಬರುತ್ತದೆ; ಹಾಗೆ ಎರಡನೇ ಸಲ ಬಂದ ಚೂರನ್ನು ನಂಬರಿನಿಂದ ಗುರುತು ಹಿಡಿದು ಬಿಟ್ಟುಬಿಡುತ್ತಾರೆ, ಅದರಿಂದ ಕೆಡುಕಿಲ್ಲ ಎಂದು ಸಂಜೆ ಅತ್ತೆಗೆ ಹೇಳಿದೆ. ಅಲ್ಲಿಂದ ಮುಂದೆ ನನ್ನ ಓದು ಹೀಗೇ ನಡೆಯಿತು. ಅತ್ತೆ ಕೇಳುವರು, ನಾನು ತಡವರಿಸುವೆ, ಲ್ಯಾಬಿನಲ್ಲಿ ತಂತಿ ಕಿತ್ತು ನೋಡಿ ಬಂದು ಹೇಳುವೆ.

ಎರಡನೇ ಸಲದ ಪರೀಕ್ಷೆಗೆ ವಾರವಿರುವಾಗ ಅತ್ತೆ ತಾವಾಗಿಯೇ ಒಂದು ಮಾತು ಹೇಳಿದರು. ತಾವು ಮದುವೆಯಾಗಿ ಬಂದ ಹೊಸದರಲ್ಲಿ, ಮಾದಿಹಳ್ಳಿಗೆ ಕೊಟ್ಟಿದ್ದ ತಂಗಿಯ ಜೊತೆ ಯಾವುದೋ ಮಾತಿಗೆ ಮನಸ್ತಾಪವಾಗಿತ್ತಂತೆ. ಇಸ್ಕೂಲಿನ ಮೇಷ್ಟ್ರ ಕೈಲಿ ಒಂದು ಕಾಗದ ಬರೆಸಿದ್ದರಂತೆ. ಉತ್ತರ ಬರಲಿಲ್ಲ. ಆಮೇಲೆ ಮದುವೆ ಸಾವುಗಳಲ್ಲಿ ಎದುರುಬದುರಾದರೂ ಮಾತಿಲ್ಲ.

“ಸೇರ್ಲಿಲ್ವೋ, ಸೇರಿದ್ರೂ ಅವಳ ಉತ್ತರ ನಂಗೆ ಮುಟ್ಲಿಲ್ವೋ. ನಾ ಎರಡ್ನೇ ಸಲ ಬರೆಸ್ಲೇ ಇಲ್ಲ ಕಣವ್ವ.”

ಬರೆಯಲಾ ಎಂದು ಕೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ: ಮಳೆ, ಹಸು, ಕಣ್ಣು, ಒಂದ್ಸಲ ಬರ್ತೀನಿ. ಅರಸೀಕೆರೆಯಲ್ಲಿ ಅಂಚೆ ಡಬ್ಬಿಗೆ ಹಾಕಿದೆ.

ಪರೀಕ್ಷೆ ಪಾಸಾಯಿತು. ಈ ಸಲವೂ ಕಡಿದ ಸಂಪರ್ಕ ಸರಿಮಾಡುವ ಪ್ರಶ್ನೆಯಿತ್ತು. ಓದುತ್ತಿದ್ದ ಹಾಗೆ ಅತ್ತೆಯ ದನಿ ಕಿವಿಯಲ್ಲಿ ಕೇಳಿಸಿ, ಒಂದೊಂದೇ ಹೆಜ್ಜೆ ನೋಡುತ್ತ ಹೋದೆ. ಮಾದಿಹಳ್ಳಿಯಿಂದ ಮಾತ್ರ ಉತ್ತರ ಬರಲಿಲ್ಲ. ಹದಿನೈದು ದಿನ ಕಾದು ಅತ್ತೆ ಇನ್ನೊಂದು ಬರಿ ಎಂದರು. ಅದಕ್ಕೂ ಮೌನ. ಆಗ, ನಾವೇ ಹೋಗಣ ನಡಿ ಎಂದು ಹೊಸ ಸೀರೆ ತೆಗೆಸಿದರು.

ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿ ಮಾದಿಹಳ್ಳಿಯಲ್ಲಿ ಇಳಿದೆವು. ಅತ್ತೆಯ ತಂಗಿ ಜಗಲಿಯ ಮೇಲೆ ಕೂತಿದ್ದರು. ಮಗ್ಗುಲಲ್ಲೇ ನನ್ನ ಎರಡೂ ಕಾಗದಗಳು, ಮಡಿಕೆ ಸವೆದು ಮೆತ್ತಗಾಗಿದ್ದವು. ಉತ್ತರಕ್ಕೆ ಏನು ಬರೆಸಬೇಕೋ ತಿಳಿಯಲಿಲ್ಲ ಎಂದರು. ಅತ್ತೆ ಕೈಚಾಚಿ ಆ ದನಿಯಿದ್ದ ಕಡೆಗೆ ನಡೆದರು.