ನಂಜಪ್ಪನ ಗೆಡ್ಡೆ ಕೂತ ಜಾಗ

ಮೂರು ವರ್ಷದ ಹಿಂದಿನ ಮಾತು. ಚಾಮರಾಜಪೇಟೆಯಲ್ಲಿ ನನ್ನದು ತ್ರೀಡಿ ಪ್ರಿಂಟಿಂಗ್ ವರ್ಕ್‌ಶಾಪ್. ಓದಿದ್ದು ಏಳನೇ ಕ್ಲಾಸು. ಹಿತ್ತಾಳೆ ಎರಕದ ಅಚ್ಚು ಮಾಡುತ್ತ ಬೆಳೆದವನು. ಕಂಪ್ಯೂಟರನ್ನು ನಲವತ್ತು ದಾಟಿದ ಮೇಲೆ ಕಲಿತೆ, ಯಾರ ಹಂಗೂ ಇಲ್ಲದೆ. ಒಂದು ಆಸ್ಪತ್ರೆಗೆ ರೋಗಿಗಳ ಮೆದುಳಿನ ಮಾದರಿ ಮಾಡಿಕೊಡುತ್ತಿದ್ದೆ. ಸ್ಕ್ಯಾನ್‌ನಿಂದ ಸಾಫ್ಟ್‌ವೇರ್ ತೆಗೆಯುವ ಮೆದುಳಿನ ಮೇಲ್ಮೈ ಎಂದರೆ ಸಣ್ಣ ಸಣ್ಣ ತ್ರಿಕೋನಗಳ ಬಲೆ. ಆ ಫೈಲನ್ನು ಪ್ರಿಂಟರ್ ಓದುವ ಹಾಗೆ ಕನ್ವರ್ಟ್ ಮಾಡಿ, ಬಲೆಯ ತೂತು ಮುಚ್ಚಿ ತಿದ್ದುವುದು ನನ್ನ ಕೆಲಸ.

ಆ ಸಲ ಬಂದದ್ದು ನಂಜಪ್ಪನ ಮೆದುಳು. ಗಾಂಧಿಬಜಾರಿನಲ್ಲಿ ನಾನು ತರಕಾರಿ ಕೊಳ್ಳುವುದೇ ಅವನ ಹತ್ತಿರ. ಅವನ ಮೆದುಳಿನಲ್ಲೊಂದು ಗೆಡ್ಡೆ ಬೆಳೆದಿತ್ತು. ಅದು ಮಾತಿನ ಮಡಿಕೆಯ, ಅಂದರೆ ಮೆದುಳಿನಲ್ಲಿ ಮಾತನ್ನು ನಡೆಸುವ ಭಾಗದ ಮೇಲಿದ್ದರೆ ಆಪರೇಷನ್‌ನಲ್ಲಿ ಮಾತು ಹೋಗಬಹುದು. ದೂರವಿದ್ದರೆ ಧೈರ್ಯವಾಗಿ ತೆಗೆಯಬಹುದು. ಮಾದರಿ ನೋಡಿಯೇ ಆಪರೇಷನ್‌ಗೆ ಒಪ್ಪುತ್ತೇನೆಂದು ಅವನ ಹೆಂಡತಿ ಜಯಮ್ಮ ವರ್ಕ್‌ಶಾಪಿಗೇ ಬಂದು ಕೂತಿದ್ದಳು.

ಮೆದುಳು, ಗೆಡ್ಡೆ ಬೇರೆ ಬೇರೆ ಫೈಲು. ಕನ್ವರ್ಟ್ ಮಾಡಿ ಒಟ್ಟಿಗೆ ತೆರೆದರೆ ಅರ್ಧ ಗೆಡ್ಡೆ ಮೆದುಳಿನ ಹೊರಗೆ ಗಾಳಿಯಲ್ಲಿ ನಿಂತಿತ್ತು. ಕಣ್ಣಳತೆಯಲ್ಲೇ ಒಳಕ್ಕೆ ತಳ್ಳಿದೆ. ಹೋಗಿ ಮಾತಿನ ಮಡಿಕೆಯ ಮೇಲೆಯೇ ಕೂತಿತು.

“ಅಲ್ಲೇ ಇದೆಯಾ ಅಣ್ಣಾ?” ಜಯಮ್ಮನ ದನಿ ಇಳಿಯಿತು. “ಹಂಗಾದ್ರೆ ಬೇಡ ಬಿಡಿ. ಅವ್ರು ಬಾಯಿ ಮುಚ್ಕೊಂಡು ಕೂತಿರೋದನ್ನ ನಾನು ನೋಡಲಾರೆ.”

ಫೈಲು ಕಳಿಸಿದ್ದ ಡಾಕ್ಟರ್ ಶೈಲಜಾಗೆ ಫೋನ್ ಮಾಡಿದೆ.

“ತಳ್ಳಿಬಿಟ್ರಾ? ವಾಪಸ್ ತನ್ನಿ ಮೊದ್ಲು. ಮೆದುಳಿನ ಫೈಲು ಜಾಗಾನ ತನ್ನ ನಡುವಿನಿಂದ ಅಳೆಯುತ್ತೆ, ಗೆಡ್ಡೆದು ಸ್ಕ್ಯಾನರ್ ನಡುವಿನಿಂದ. ಕನ್ವರ್ಟ್ ಮಾಡುವಾಗ ಆ ವ್ಯತ್ಯಾಸ ಬಿಟ್ಟುಹೋಗಿದೆ. ಎಷ್ಟು ಅಂತ ಕಳಿಸ್ತೀನಿ, ಅಷ್ಟೇ ಸರಿಸಿ.”

“ಸರಿಸ್ತೀನಿ ಮೇಡಂ. ಸರಿಯಾಗಿ ಕೂತಿದೆ ಅನ್ನೋಕೆ ನನಗೆ ಗೂಟ ಬೇಕು.”

ಎರಕದ ಅಚ್ಚಿನ ಎರಡು ಹೋಳುಗಳಲ್ಲಿ ಒಂದಕ್ಕೆ ಗೂಟ, ಇನ್ನೊಂದಕ್ಕೆ ಕುಳಿ ಇಟ್ಟಿರುತ್ತೇವೆ. ಗೂಟ ಕುಳಿಗೆ ಇಳಿಯದೆ ಎರಕ ಹೊಯ್ಯುವುದಿಲ್ಲ. ಅದನ್ನು ವಿವರಿಸಿದೆ. ಅವರು ನಕ್ಕು, ಗೆಡ್ಡೆಯ ಫೈಲಿನಲ್ಲೇ ಮೆದುಳಿನ ಮುಂದಿನ, ಹಿಂದಿನ, ಮೇಲಿನ ತುದಿಗಳಿಗೆ ಒಂದೊಂದು ಗುಂಡು ಇಟ್ಟು ಕಳಿಸಿದರು. ಗೆಡ್ಡೆ, ಗುಂಡು ಎಲ್ಲವನ್ನೂ ಒಟ್ಟಿಗೆ ಅವರು ಹೇಳಿದಷ್ಟು ಸರಿಸಿದೆ. ಮೂರು ಗುಂಡೂ ಮೂರು ತುದಿಗೆ ಬಂದು ಅಂಟಿದವು. ಗೆಡ್ಡೆ ಮಾತಿನ ಮಡಿಕೆ ಬಿಟ್ಟು ಮುಂದಕ್ಕೆ ಕೂತಿತ್ತು. ಡಾಕ್ಟರ್ ಮೂಲ ಸ್ಕ್ಯಾನ್ ಜೊತೆ ತಾಳೆ ನೋಡಿ ಹೂಂ ಅಂದರು.

ಜಯಮ್ಮ ಪರದೆಯ ಮೇಲೆ ಎರಡು ಬೆರಳಿಟ್ಟು ನಡುವಿನ ಸಂದು ಅಳೆದಳು. “ಒಂದು ಕಾಫಿ ತರಿಸಿ ಅಣ್ಣಾ,” ಅಂದಳು. “ಬೆಳಗ್ಗಿಂದ ಏನೂ ಕುಡಿದಿಲ್ಲ.”

ಆಪರೇಷನ್ ಆಗಿ ಕೆಲವು ತಿಂಗಳಿಗೆ, ಬದನೆಕಾಯಿ ರೇಟು ಕೂಗುವ ನಂಜಪ್ಪನ ಗಂಟಲು ಬಜಾರಿನ ತಿರುವಿನಲ್ಲೇ ಕೇಳಿಸಿತು. ನೆಟ್ಟಗೆ ಅವನ ಹತ್ತಿರವೇ ಹೋದೆ.

“ಏನ್ ಗುರುವೇ, ನನ್ ಮೆದುಳು ನಿಮ್ಮ ಹತ್ರಾನೇ ಇದೆಯಂತೆ,” ಅಂದ ನಂಜಪ್ಪ. “ಚೌಕಾಸಿಗೆ ಬರೋವಾಗ ಅದನ್ನ ಮನೇಲೇ ಬಿಟ್ಬನ್ನಿ.”

ಕಣ್ಣಿಗೆ ಚೆನ್ನಾಗಿ ಕೂತದ್ದೆಲ್ಲ ಸರಿಯಾಗಿ ಕೂತಿರುವುದಿಲ್ಲ. ಈಗ ಯಾವ ದೊಡ್ಡ ಡಾಕ್ಟರ್ ಫೈಲು ಕಳಿಸಿದರೂ ಮೂರು ಗುಂಡು ಇರಲೇಬೇಕು. ಇಲ್ಲದಿದ್ದರೆ ನಾನು ಪ್ರಿಂಟರ್ ಆನ್ ಮಾಡುವುದಿಲ್ಲ.